ಕುಸುಬಿ ಎಣ್ಣೆಯ ಗೊಟ್ಟ

ಜೇವರ್ಗಿ ತಾಲೂಕಿನ ಪಶುವೈದ್ಯಳಾದ ನನಗೆ ದನಗಳಿಂದ ಎಂದೂ ತಲೆನೋವು ಬಂದಿಲ್ಲ. ಬಂದದ್ದೆಲ್ಲ ಮನುಷ್ಯರಿಂದಲೇ.

ಮಲ್ಕಮ್ಮನ ಎಮ್ಮೆ ಈದ ಮೇಲೆ ಹಾಲೇನೋ ಕೊಡ ತುಂಬಿ ಬಂತು, ಅದರಲ್ಲಿ ಕೊಬ್ಬೇ ಇಲ್ಲ. ಹಾಲಿನ ಕೇಂದ್ರದ ದೌಲತರಾಯ ಕೊಬ್ಬು ಅಳೆಯುವ ಯಂತ್ರ ನೋಡಿದವನೇ ಸಾಲಿನಲ್ಲಿ ನಿಂತವರೆಲ್ಲರ ಎದುರು, "ಕೆನಿ ಮನ್ಯಾಗ ಇಟ್ಟು ತಿಳಿ ಹಾಲು ತಂದೀಯೇನು ಬೇ?" ಅಂದುಬಿಟ್ಟ. ಅಂದಿನಿಂದ ಓಣಿಯಲ್ಲಿ ಅವಳ ಹೆಸರು ಕೆನೆಗಳ್ಳಿ.

ಅಳುತ್ತ ನನ್ನ ಬಳಿ ಬಂದಳು. ಅವಳ ಕೊಟ್ಟಿಗೆಗೆ ಹೋಗಿ ನೋಡಿದರೆ ಮೂಲೆಯಲ್ಲಿ ದನಗಳ ಬಾಯಿಗೆ ಔಷಧಿ ಹೊಯ್ಯುವ ಬಿದಿರಿನ ಗೊಟ್ಟ, ಪಕ್ಕದಲ್ಲಿ ಕುಸುಬಿ ಎಣ್ಣೆಯ ಡಬ್ಬಿ.

"ದಿನಾ ಕುಡಸ್ತೀಯೇನು?"

"ಹೌದ್ರಿ, ಕೆನಿ ಬರಲಿ ಅಂತ. ಕಮ್ಮಿ ಆತಲ್ರಿ, ಅದಕ್ಕ ಈಗ ಇನ್ನಾ ಜಾಸ್ತಿ ಹಾಕಾಕತ್ತೇನಿ."

ಹಣೆ ಚಚ್ಚಿಕೊಳ್ಳುವಂತಾಯಿತು. ಅಷ್ಟೊಂದು ಎಣ್ಣೆ ಎಮ್ಮೆಯ ಹೊಟ್ಟೆಯ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕರೆ ಬೇರೆಯೇ ಒಂದು ಕೊಬ್ಬಿನಾಮ್ಲವಾಗುತ್ತದೆ. ಅದು ರಕ್ತದಲ್ಲಿ ಹರಿದು, ಕೊಬ್ಬು ತಯಾರಿಸುವುದು ಸಾಕು ಎಂದು ಕೆಚ್ಚಲಿನ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಆ ಜೀವಕೋಶಗಳು ಮಾತು ಕೇಳಿ ಒಲೆ ಆರಿಸಿಬಿಡುತ್ತವೆ. ಹಾಲು ಬರುತ್ತದೆ, ಕೊಬ್ಬು ಬರುವುದಿಲ್ಲ.

ಇದನ್ನೇ ದೌಲತರಾಯನಿಗೆ ಬಿಡಿಸಿ ಹೇಳಿದೆ.

"ಎಣ್ಣಿ ಕುಡದ್ರ ಫ್ಯಾಟ ಇಳೀತದಂತ! ಮಸ್ಕಿರಿ ಮಾಡಬ್ಯಾಡ್ರಿ ಡಾಕ್ಟರಬಾಯಿ" ಎಂದು ನಕ್ಕ. ಸಾಲಿನವರೂ ನಕ್ಕರು. ಓದಿದ್ದೆಲ್ಲ ದಂಡ ಅನ್ನಿಸಿ ಮೈ ಉರಿಯಿತು.

ಮಲ್ಕಮ್ಮನಿಗೆ ಗದರಿಸಿ ಎಣ್ಣೆ ಬಿಡಿಸಿದೆ. ಕೆಲವು ವಾರಗಳಲ್ಲಿ ಕೊಬ್ಬು ಏರಿತು. ಇನ್ನು ಅವಳ ಹೆಸರು ತೊಳೆದಂತಾಯಿತು ಎಂದುಕೊಂಡು ನಾನೂ ಅವಳ ಜೊತೆ ಕೇಂದ್ರಕ್ಕೆ ಹೋದೆ. ದೌಲತರಾಯ ಯಂತ್ರ ನೋಡಿ ಎಲ್ಲರ ಕಡೆ ತಿರುಗಿದ.

"ನೋಡ್ರಿ, ಬೈದ ಮ್ಯಾಲ ಕೆನಿ ತಗಿಯೋದು ಬಿಟ್ಟಾಳ."

ಎಮ್ಮೆಯನ್ನು ಸರಿಮಾಡಿ ಅವಳ ಕಳ್ಳತನಕ್ಕೆ ನಾನೇ ಸಾಕ್ಷಿ ಒದಗಿಸಿದ್ದೆ.

ಮಲ್ಕಮ್ಮ ಖಾಲಿ ಕೊಡ ಎತ್ತಿಕೊಂಡು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಎಮ್ಮೆ ಹೊಡೆದುಕೊಂಡು, ಕಂಕುಳಲ್ಲಿ ಡಬ್ಬಿ, ಗೊಟ್ಟ ಹಿಡಿದುಕೊಂಡು ಬಂದು, ಕೇಂದ್ರದ ಅಂಗಳದ ಬೇವಿನ ಮರಕ್ಕೆ ಎಮ್ಮೆ ಕಟ್ಟಿದಳು.

"ಇನ್ನ ಇದು ಇಲ್ಲೇ ಇರ್ತದ. ದಿನಾ ನಿಮ್ಮ ಮುಂದ ಎಣ್ಣಿ ಹಾಕ್ತೇನಿ, ನಿಮ್ಮ ಮುಂದ ಹಿಂಡ್ತೇನಿ. ನಿಮ್ಮ ಕಣ್ಣ ಮುಂದ ಫ್ಯಾಟ ಬೀಳಲಿ. ಆಮ್ಯಾಲ ಹೇಳ್ರಿ, ಕಳ್ಳಿ ಯಾರಂತ."

ಎಣ್ಣೆ ಬೇಡ, ಎಮ್ಮೆಗೆ ಒಳ್ಳೆಯದಲ್ಲ ಎಂದು ಅವಳನ್ನು ಗದರಿಸಿದವಳು ನಾನೇ. ಮುಂದೆ ಹೋಗಿ ಎಮ್ಮೆಯ ದವಡೆ ಎತ್ತಿ ಹಿಡಿದೆ.

"ಹಾಕು" ಎಂದೆ.