ಎಬ್ಬಿಸು ಎಂದು ಬೇಡಿದವಳು

ಬುಧವಾರ ಸಂಜೆಯ ಪ್ರಾರ್ಥನಾಕೂಟದಲ್ಲಿ ಮೈಕಮ್ಮ ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, ತುಂಬುಕಂಠದಿಂದ, "ಕರ್ತನೇ, ಹಾಸಿಗೆ ಹಿಡಿದಿರುವ ನಮ್ಮ ಬೀಗದಣ್ಣನನ್ನು ಮುಟ್ಟಿ ಎಬ್ಬಿಸು" ಎಂದಳು. ಬೀಗ-ಕೀಲಿಯ ಅಂಗಡಿ ಇಟ್ಟಿದ್ದ ಬೀಗದಣ್ಣನನ್ನು ಸೋಮವಾರವೇ ಮಣ್ಣು ಮಾಡಿ ಬಂದಿದ್ದರು. ಮಣ್ಣು ಹಾಕಿದವರಲ್ಲಿ ಮೈಕಮ್ಮನೂ ಒಬ್ಬಳು. ಅವನ ಹೆಂಡತಿ ಮುಂದಿನ ಬೆಂಚಿನಲ್ಲೇ ಕೂತಿದ್ದಳು.

ಎಲ್ಲದಕ್ಕೂ ಆಮೆನ್ ಅನ್ನುವ ಜನ ಅದಕ್ಕೆ ಅನ್ನಲಿಲ್ಲ. ಯಾಕಿಷ್ಟು ನಿಶ್ಶಬ್ದ ಎಂದು ಮೈಕಮ್ಮ ಕಣ್ಣು ಬಿಟ್ಟಾಗ, ಬೀಗದಣ್ಣನ ಹೆಂಡತಿ ಎದ್ದು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಳು. ತನ್ನ ಬಾಯಿಂದ ಏನು ಬಂತೆಂಬುದು ಆಗ ಮೈಕಮ್ಮನ ತಲೆಗೆ ಹೋಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲ ಅಂಥ ಉಪಕಾರ ಯಾರಿಗೆ ತಾನೇ ಮಾಡಿದೆ?

ಮೈಕಮ್ಮ ಎಂಬುದು ಸಭೆಯವರು ಪ್ರೀತಿಯಿಂದ ಇಟ್ಟ ಹೆಸರು. ಅವಳದು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಹೇಳುವ ಕೆಲಸ. ಊಟದ ಡಬ್ಬಿ ಬಿಚ್ಚುತ್ತಲೇ, ಕಿತ್ತುಹೋದ ಗುಂಡಿ ಹೊಲಿದುಕೊಳ್ಳುತ್ತಲೇ ಒಂದಕ್ಷರ ತಪ್ಪದೆ ಹೇಳುತ್ತಿದ್ದಳು. ಮನಸ್ಸು ಊರೆಲ್ಲ ಸುತ್ತುತ್ತಿದ್ದರೂ ಬಾಯಿ ತನ್ನ ಪಾಡಿಗೆ ಡ್ಯೂಟಿ ಮಾಡುತ್ತಿತ್ತು. ಸಭೆಯವರೇನು ಕಮ್ಮಿಯೇ? ಮಗನ ಪರೀಕ್ಷೆಯಿಂದ ಹಿಡಿದು ಸೋರುವ ತಾರಸಿಯವರೆಗೆ ಎಲ್ಲವನ್ನೂ ಅವಳ ಪ್ರಾರ್ಥನೆಗೆ ಒಪ್ಪಿಸಿ, ತಾವು ಆರಾಮಾಗಿ ಮನೆಗೆ ಹೋಗಿ ಮಲಗುತ್ತಿದ್ದರು.

ಪಾಸ್ಟರ್ ಮರುದಿನ ಫೋನ್ ಮಾಡಿದರು. "ನಾಲಿಗೆ ಜಾರೋದು ಯಾರಿಗಿಲ್ಲಮ್ಮಾ? ಮನಸ್ಸಿಗೆ ಹಚ್ಕೋಬೇಡಿ. ಭಾನುವಾರ ಆರಂಭದ ಪ್ರಾರ್ಥನೆ ನೀವೇ ಮಾಡಿಬಿಡಿ. ಜನ ಮರೆತು ಹೋಗ್ತಾರೆ."

ನಾಲಿಗೆ ಜಾರಿದ್ದರೆ ಅವಳು ಹೇಗೋ ಬದುಕಿಕೊಳ್ಳುತ್ತಿದ್ದಳು. ಅದು ಜಾರಿರಲಿಲ್ಲ, ದಿನಾ ಹೋಗುವ ದಾರಿಯಲ್ಲೇ ಹೋಗಿತ್ತು. ಅವಳನ್ನು ಹೆದರಿಸಿದ್ದು ಅದು.

ಅಂದು ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಮೊಣಕಾಲೂರಿದಳು. "ಕೃಪಾಪೂರ್ಣನಾದ ತಂದೆಯೇ" ಎಂದಳು. ಪ್ರಯಾಣಿಕರ ಗಮನಕ್ಕೆ ಎನ್ನುವ ದನಿಯೇ ಅದು. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದಳು. ಮತ್ತೆ ಅದೇ ಏರು, ಅದೇ ಇಳಿತ. ಬಾಯಿ ಮುಚ್ಚಿಕೊಂಡು ಮಂಚದ ಅಂಚಿಗೆ ಹಣೆ ಒತ್ತಿದಳು. ಭಾನುವಾರವೂ ಈ ದನಿಯಲ್ಲೇ ಹೇಳಿ ಪಾರಾದರೆ ಸಾಯುವ ತನಕ ಹೇಳುತ್ತಲೇ ಇರುತ್ತೇನೆ, ಪ್ರಾರ್ಥಿಸುವುದು ಮಾತ್ರ ಇನ್ನೆಂದೂ ಆಗುವುದಿಲ್ಲ ಎಂದು ಅವಳಿಗೆ ಖಚಿತವಾಗಿ ಹೋಯಿತು.

ಆಚೆಯಿಂದ ಗಂಡ ಕೇಳಿದ. "ಏನೇ, ದೇವರ ಹತ್ರ ಮುನಿಸಾ ಇವತ್ತು? ಸದ್ದೇ ಇಲ್ಲ!"

"ಅವನ ಹತ್ರ ಯಾವತ್ತಾದ್ರೂ ಮಾತಾಡಿದೀನಾ ಅಂತ ಯೋಚಿಸ್ತಿದೀನಿ ರೀ" ಎಂದವಳಿಗೆ ಅಳು ತಡೆಯಲಾಗಲಿಲ್ಲ.

ಶನಿವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ನೇರ ಬೀಗದಂಗಡಿಗೆ ಹೋದಳು. ಇಬ್ಬರು ನಿಂತರೆ ಮೂರನೆಯವರು ಬೀದಿಗಿಳಿಯಬೇಕಾದಷ್ಟು ಕಿರಿದಾದ ಅಂಗಡಿ. ಗೋಡೆ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಕೈಗಳು. ಬೀಗದಣ್ಣನ ಹೆಂಡತಿ ಗಂಡನ ಕನ್ನಡಕ ಹಾಕಿಕೊಂಡು ಯಂತ್ರದ ಮೇಲೆ ಬಗ್ಗಿದ್ದಳು. ಕಬ್ಬಿಣ ಕೊರೆಯುವ ಸದ್ದು ಕಿವಿಗೆ ಇರಿಯುತ್ತಿತ್ತು. ಬಂದವಳನ್ನು ಕಂಡರೂ ಅವಳು ಯಂತ್ರ ನಿಲ್ಲಿಸಲಿಲ್ಲ.

ಸದ್ದು ತಾನಾಗಿ ನಿಂತ ಮೇಲೆ ಮೈಕಮ್ಮ ಬಾಯಿ ತೆರೆದಳು. "ಅಕ್ಕಾ, ತಪ್ಪಾಯ್ತು."

"ಏನು ತಪ್ಪಾಯ್ತು?"

"ಅಣ್ಣ ತೀರಿಕೊಂಡಿದ್ದು ಮರೆತು..."

"ಮರೆತಿದ್ದಕ್ಕೆ ನನಗೆ ಸಿಟ್ಟಿಲ್ಲ. ಬೆಳಗಾದ್ರೆ ನಾನೇ ಇನ್ನೂ ಎರಡು ಲೋಟ ಕಾಫಿ ಮಾಡ್ತಿದೀನಿ." ಬೀಗದಣ್ಣನ ಹೆಂಡತಿ ಕನ್ನಡಕ ಹಣೆಗೇರಿಸಿದಳು. "ಒಂದು ಮಾತು ಕೇಳ್ತೀನಿ, ಹೇಳು. ನೀನು ನಮ್ಮನೆಗೆ ಎಷ್ಟೋ ಸಲ ಬಂದೆ. ಅವರ ಪಕ್ಕದಲ್ಲೇ ನಿಂತು ಪ್ರಾರ್ಥನೆ ಮಾಡಿದೆ. ಅವರು ಯಾವ ಮಗ್ಗುಲಿಗೆ ಮಲಗ್ತಿದ್ರು? ಎಡಕ್ಕಾ, ಬಲಕ್ಕಾ?"

ಮೈಕಮ್ಮ ಆ ಕೋಣೆಯನ್ನು ನೆನೆಯಲು ನೋಡಿದಳು. ಹೊಸಿಲು ನೆನಪಿಗೆ ಬಂತು, ಔಷಧದ ವಾಸನೆ ಬಂತು, ಆಮೇಲೆ ಕತ್ತಲೆ. ಒಳಗೆ ಕಾಲಿಟ್ಟ ತಕ್ಷಣ ಕಣ್ಣು ಮುಚ್ಚಿಬಿಡುತ್ತಿದ್ದಳು. ಭಕ್ತಿಯೆಂದರೆ ಅದೇ ಎಂದುಕೊಂಡಿದ್ದಳು. ಈಗ ಬಾಯಿ ಆಗಲೇ ಸಿದ್ಧವಾಗಿ ನಿಂತಿತ್ತು. ಎಡಕ್ಕೆ ಅಂದುಬಿಡು, ಗೋಡೆ ಕಡೆಗೆ ಅಂತ ಸೇರಿಸು, ನಿಜವೇ ಆದರೂ ಆದೀತು. ಆ 'ಎ' ಅಕ್ಷರ ನಾಲಿಗೆಯ ತುದಿಯವರೆಗೂ ಬಂತು. ಎದುರಿಗಿದ್ದವಳು ರೆಪ್ಪೆ ಬಡಿಯದೆ ಅವಳ ಬಾಯನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಅಕ್ಕಾ" ಎಂದಳು ಮೈಕಮ್ಮ. "ನಾನು ನೋಡಲೇ ಇಲ್ಲ."

"ಮಲಗ್ತಾನೇ ಇರಲಿಲ್ಲ ಕಣೇ ಅವರು" ಎಂದಳು ಬೀಗದಣ್ಣನ ಹೆಂಡತಿ. "ಮಲಗಿದ್ರೆ ಉಸಿರು ಕಟ್ತಿತ್ತು. ದಿಂಬಿಗೆ ಒರಗಿ ಕೂತೇ ಇರ್ತಿದ್ರು, ಹಗಲೂ ರಾತ್ರಿ. ನೀನು ಬಂದು ಎಬ್ಬಿಸು, ಎಬ್ಬಿಸು ಅಂತಿದ್ದೆ. ನಾನು ಒಳಗೊಳಗೇ, ದೇವರೇ, ಒಂದೇ ಒಂದ್ಸಲ ಮಲಗಿಸು ಅಂತ ಬೇಡ್ಕೊಳ್ತಿದ್ದೆ. ನೀನು ಆಮೆನ್ ಅಂದಾಗ ಅವರು ನನ್ನ ಮುಖ ನೋಡಿ ನಗೋರು. ನೀನು ಮಾಡಿದ್ದು ಪ್ರಾರ್ಥನೆ ಅಲ್ಲ. ಬಸ್ಸು ಹೊರಡುತ್ತೆ ಅಂತ ಹೇಳಿ ಹೋದ ಹಾಗಿತ್ತು."

ಅವಳ ದನಿ ಅಲ್ಲಿ ಒಡೆಯಿತು. ಗಂಡ ಸತ್ತ ಮೇಲೆ ಜನರ ಮುಂದೆ ಒಂದು ಹನಿ ಕಣ್ಣೀರು ಹಾಕದವಳು, ಕೈಯಲ್ಲಿ ಅರ್ಧ ಕೊರೆದ ಕೀಲಿಕೈ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದು ಅಳತೊಡಗಿದಳು. ಮೈಕಮ್ಮನಿಗೆ ಸಮಾಧಾನದ ಮಾತುಗಳು ಬೇಕಾದಷ್ಟು ಬಾಯಿಪಾಠವಾಗಿದ್ದವು. ಒಂದನ್ನೂ ಆಡಲಿಲ್ಲ. ಎದುರಿಗೆ ನೆಲದ ಮೇಲೆ, ಕಬ್ಬಿಣದ ಪುಡಿಯ ನಡುವೆ ಕೂತು, ಅವಳ ಮುಖವನ್ನು ನೋಡಿದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ತುಟಿ ಒಣಗಿ ಬಿರಿದಿತ್ತು. ಎಷ್ಟೋ ವರ್ಷದಿಂದ ಒಂದೇ ಸಭೆಯಲ್ಲಿ ಕೂತವಳ ಎಡಹುಬ್ಬಿನಲ್ಲಿ ಒಂದು ಗಾಯದ ಕಲೆಯಿದೆ ಎಂಬುದೂ ಅವಳಿಗೆ ಇಂದೇ ತಿಳಿದದ್ದು.

"ರಾತ್ರಿ ನಿದ್ದೆ ಬರ್ತಿದೆಯಾ ಅಕ್ಕಾ?" ಎಂದು ಕೇಳಿದಳು.

"ಇಲ್ಲ. ಕೂತೇ ಇರ್ತೀನಿ. ಮಲಗಿದ್ರೆ ಅವರಿಗೆ ದ್ರೋಹ ಮಾಡಿದ ಹಾಗೆ ಅನ್ಸುತ್ತೆ."

ಮೈಕಮ್ಮ ಕೈ ಮೇಲೆತ್ತಲಿಲ್ಲ, ಕಣ್ಣು ಮುಚ್ಚಲಿಲ್ಲ. ಆ ಕಪ್ಪು ಕಟ್ಟಿದ ಕಣ್ಣುಗಳನ್ನೇ ನೋಡುತ್ತ, ಮೈಕು ಒಪ್ಪದಂಥ ಸೊರಗಿದ, ತಡವರಿಸುವ ದನಿಯಲ್ಲಿ, "ಅಪ್ಪಾ" ಎಂದಳು. ಮುಂದಿನ ಮಾತಿಗೆ ತಡಕಾಡಬೇಕಾಯಿತು. "ಅಪ್ಪಾ, ನಾನು... ಇವರ ಮನೆಗೆ ಹೋದೆ, ಯಾರನ್ನೂ ನೋಡದೆ ಬಂದೆ. ನಿನ್ನನ್ನೂ ನೋಡಲಿಲ್ಲ. ನನ್ನನ್ನ ಹೀಗೇ ಬಿಟ್ಟುಬಿಡಬೇಡ. ನಮ್ಮಕ್ಕ... ನಮ್ಮಕ್ಕ ಕೂತೇ ಇದಾಳೆ. ಅವಳನ್ನ ಇವತ್ತು ಮಲಗಿಸು."

ಅಷ್ಟಕ್ಕೇ ಮಾತು ನಿಂತುಹೋಯಿತು. ಇನ್ನೇನು ಹೇಳಬೇಕೋ ತಿಳಿಯದೆ ಅವಳು ಸುಮ್ಮನೆ ಕೂತಳು. ಆ ಸುಮ್ಮನೆ ಕೂತದ್ದರಲ್ಲಿ, ಯಾರೋ ಕಿವಿಗೊಟ್ಟು ಕಾಯುತ್ತಿದ್ದಾರೆ ಎಂಬುದು ಎಷ್ಟೋ ಕಾಲದ ಮೇಲೆ ಅವಳ ಅನುಭವಕ್ಕೆ ಬಂತು. ಭಯವಾಯಿತು, ಸಂತೋಷವೂ ಆಯಿತು.

ಬೀದಿಯಿಂದ ಗಿರಾಕಿಯೊಬ್ಬ ಒಳಗೆ ಇಣುಕಿ, "ಏನಮ್ಮಾ, ನನ್ನ ಕೀ ಆಯ್ತಾ?" ಎಂದು ಕೂಗಿದ.

ಬೀಗದಣ್ಣನ ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು. ಮೈಕಮ್ಮನ ಮುಖದಿಂದ ನೋಟ ಕೀಳದೆ, "ಸ್ವಲ್ಪ ಹೊರಗೆ ನಿಂತಿರಪ್ಪಾ" ಎಂದಳು. "ಇಲ್ಲಿ ಪ್ರಾರ್ಥನೆ ನಡೀತಾ ಇದೆ."