ಮೋರಿಯ ಬದಿಯ ಹಕ್ಕಿಗಳು

ಅರವತ್ತರ ಹತ್ತಿರದ ಗಂಡಸು ಹಕ್ಕಿ ನೋಡಲು ಮೋರಿಯ ಬದಿಯೇ ಆಗಬೇಕೆಂದು ಹಟ ಹಿಡಿದರೆ ಹೆಂಡತಿಯಾದವಳು ಏನು ಮಾಡಬೇಕು? ನಾನು ಸಿಟ್ಟು ಮಾಡಿಕೊಂಡೆ. ಅದು ನನಗೆ ಚೆನ್ನಾಗಿ ಬರುತ್ತದೆ.

ನನ್ನ ಗಂಡ ವಿನ್‌ಸ್ಟನ್‌ಗೆ ಹಕ್ಕಿಯ ಹುಚ್ಚು ಹಿಡಿದದ್ದು ನಾವು ಮಂಗಳೂರಿನಿಂದ ಮಲೇಷ್ಯಾದ ಸುಬಾಂಗ್ ಜಯಾಕ್ಕೆ ಬಂದ ಮೇಲೆ. ಶನಿವಾರ ಬಂತೆಂದರೆ ಗೆಳೆಯ ಡೆಸ್ಮಂಡನ ಕಾರಿನಲ್ಲಿ ಬೆಟ್ಟದ ಕಾಡಿಗೆ ಹೊರಟುಬಿಡುತ್ತಿದ್ದರು. ಈ ವರ್ಷ ಒಮ್ಮೆಲೇ ನಿಲ್ಲಿಸಿದರು.

"ದೂರ ಆಗ್ತದೆ ಬ್ಲಾಂಚ್. ಮನೆ ಹತ್ರ ಒಂದು ಜಾಗ ಗೊತ್ತು ಮಾಡುವಾ. ದಿನಾ ಅಲ್ಲೇ ಹೋಗಿ ಕೂತ್ರೆ ಹಕ್ಕಿಗಳಿಗೂ ನಮ್ಮ ಗುರ್ತ ಆಗ್ತದೆ," ಎಂದರು.

'ನಮ್ಮ' ಎಂದದ್ದು ನನಗೆ ಇಷ್ಟವಾಯಿತು. ಇಷ್ಟು ವರ್ಷ ಆ ಶನಿವಾರಗಳಲ್ಲಿ ನನಗೆ ಪಾಲಿರಲಿಲ್ಲ.

ಮೊದಲು ಕೆರೆಯ ಉದ್ಯಾನಕ್ಕೆ ಕರೆದೊಯ್ದೆ. ನಡೆದೇ ಹೋಗಬಹುದು, ದೊಡ್ಡ ಮರಗಳಿವೆ, ಕಲ್ಲುಬೆಂಚಿದೆ, ಗದ್ದಲವಿಲ್ಲ. ಬೆಂಚಿನ ಪಕ್ಕದ ಪೊದೆಯಲ್ಲಿ ಸಿಂಪಿಗ ಹಕ್ಕಿಯೊಂದು ಊರು ಒಂದು ಮಾಡುವಂತೆ ಕೂಗುತ್ತಿತ್ತು. ಅದರ ಹೆಸರನ್ನು ಹಿಂದೊಮ್ಮೆ ಅವರೇ ನನಗೆ ಕಲಿಸಿದ್ದು. ವಿನ್‌ಸ್ಟನ್ ಸ್ವಲ್ಪ ಹೊತ್ತು ಕೂತು ಬೈನಾಕ್ಯುಲರನ್ನು ಚೀಲಕ್ಕೆ ಹಾಕಿದರು.

"ಇಲ್ಲಿ ಎಂತದೂ ಇಲ್ಲ."

ಕಾಡಿನ ದೊಡ್ಡ ಹಕ್ಕಿಗಳನ್ನು ಕಂಡವರಿಗೆ ಈ ಬಡಪಾಯಿ ಲೆಕ್ಕಕ್ಕಿಲ್ಲ ಅಂದುಕೊಂಡೆ.

ಇಗರ್ಜಿಯ ಅಂಗಳದ ಮರವೂ ಅವರಿಗೆ ಹಿಡಿಸಲಿಲ್ಲ. ಕೊನೆಗೆ ಮೆಚ್ಚಿದ್ದು ಎಲ್‌ಆರ್‌ಟಿ ರೈಲಿನ ಎತ್ತರದ ಹಳಿಯ ಕೆಳಗಿನ ದೊಡ್ಡ ಮೋರಿಯನ್ನು. ಪ್ಲಾಸ್ಟಿಕ್ ಬಾಟಲಿ, ಕೊಳೆನೀರು, ಬಿಸಿಲಿಗೆ ಮೈಚಾಚಿದ ಒಂದು ಉಡ. ತಲೆಯ ಮೇಲೆ ರೈಲು ಹೋದಾಗಲೆಲ್ಲ ಮಾತು ಅರ್ಧಕ್ಕೇ ನಿಲ್ಲುತ್ತದೆ.

"ಇದೇ ಸರಿ," ಎಂದರು.

"ನಿಮ್ಗೆ ತಲೆ ಸಮ ಉಂಟಾ? ಅಷ್ಟು ಒಳ್ಳೆ ಕೆರೆ ಬಿಟ್ಟು ಈ ನಾತದಲ್ಲಿ ಕೂರುದಾ?"

"ನೀನು ಬರ್ಲೇಬೇಕಂತ ಇಲ್ಲ, ಲಾ."

ಆ ಮಾತು ಚುಚ್ಚಿತು. ಮೇಲೆ ಇಲ್ಲಿಯವರ ಹಾಗೆ ಮಾತಿನ ಕೊನೆಗೆ ಸೇರಿಸಿದ ಆ 'ಲಾ' ಬೇರೆ. ನಾನು ಮಾತು ಬಿಟ್ಟೆ.

ಆದರೆ ನಮ್ಮಲ್ಲಿ ಮಾತು ಬಿಟ್ಟರೂ ಸಂಜೆಯ ಜಪಸರ ಬಿಡುವ ಹಾಗಿಲ್ಲ. ಪಟದ ಮುಂದೆ ಅಕ್ಕಪಕ್ಕ ಕೂತು, ಪ್ರತಿ ಮಣಿಗೂ 'ನಮೋ ಮರಿಯ' ಪ್ರಾರ್ಥನೆಯ ಮೊದಲರ್ಧ ನಾನು ಹೇಳಬೇಕು, ಉಳಿದರ್ಧ ಅವರು. ಕೆಲವು ತಿಂಗಳಿಂದ ನಾನು ಮುಗಿಸುವ ಮೊದಲೇ ಅವರು ಶುರುಮಾಡುತ್ತಿದ್ದರು. ಊಟದ ಅವಸರವೆಂದು ನಾನು ಬೈಯುವುದು, ಅವರು ನಗುವುದು ನಡೆದೇ ಇತ್ತು. ಅಂದೂ ಹಾಗೇ ಮಾಡಿದರು. ನನಗೆ ರೇಗಿತು. ಮುಂದಿನ ಮಣಿಗೆ ಬೆರಳು ಸರಿಸಿ, ಬೇಕೆಂದೇ ಬಾಯಿ ಮುಚ್ಚಿ ಕೂತೆ.

ಸ್ವಲ್ಪ ತಡೆದು ವಿನ್‌ಸ್ಟನ್ ತಮ್ಮ ಅರ್ಧವನ್ನು ಭಕ್ತಿಯಿಂದ ಹೇಳಿ ಮುಗಿಸಿದರು. ಅವರ ಕಣ್ಣು ಪಟದ ಮೇಲಿರಲಿಲ್ಲ, ನನ್ನ ಬೆರಳಿನ ಮೇಲಿತ್ತು.

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಎದ್ದು ಅವರ ಎದುರು ಕೂತೆ.

"ಯಾವಾಗಿಂದ ಕೇಳ್ತಾ ಇಲ್ಲ?"

"ನೀನು ಬೈದದ್ದೆಲ್ಲ ಕೇಳ್ತದೆ," ಎಂದರು. "ಮೆಲ್ಲ ಹೇಳಿದ್ದು ತಪ್ಪಿ ಹೋಗ್ತದೆ. ಸಣ್ಣ ಹಕ್ಕಿಗಳ ಸ್ವರ ಪೂರಾ ಹೋಯ್ತು."

ಆಮೇಲೆ ತಾವೇ ಮುಂದುವರಿಸಿದರು. "ಕಾಡಲ್ಲಿ ಹಕ್ಕಿ ಕೂಗಿದ್ರೆ ಎಲ್ರೂ ಒಟ್ಟಿಗೆ ತಲೆ ಎತ್ತುದು. ನಾನು ಅವರನ್ನು ನೋಡಿ ಎತ್ತುದು. ಡೆಸ್ಮಂಡ್ 'ಕೇಳ್ತಾ' ಅಂದ್ರೆ ಹೌದು ಅನ್ನುದು. ಮೋರಿ ಹತ್ರ ರೈಲು ಹೋಗುವಾಗ ಯಾರಿಗೂ ಕೇಳುದಿಲ್ಲ, ಬ್ಲಾಂಚ್. ಅಲ್ಲಿ ಕಣ್ಣಿಗೆ ಕಂಡದ್ದು ಮಾತ್ರ ಹಕ್ಕಿ."

ನನಗೆ ಅಳು ಬಂತು. ಕಿವಿಯ ಡಾಕ್ಟರ ಹತ್ತಿರ ಹೋಗಲೇಬೇಕೆಂದೆ, ಒಪ್ಪಿದರು. ಮೆಷಿನ್ ಹಾಕಿದರೂ ಹಕ್ಕಿಗಳು ವಾಪಸ್ ಬರುತ್ತವೋ ಇಲ್ಲವೋ ಎಂಬ ಹೆದರಿಕೆ ಮಾತ್ರ ಅವರ ಮುಖದಿಂದ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಮಾಮಕ್ ತಿಂಡಿಯಂಗಡಿಯಿಂದ ರೊಟ್ಟಿ ಚನಾಯ್ ಕಟ್ಟಿಸಿ, ಇಲ್ಲಿಯವರ ಮಾತಿನಲ್ಲಿ 'ತಪಾವ್' ಮಾಡಿಸಿಕೊಂಡು, ನಾನೇ ಮುಂದಾಗಿ ಮೋರಿಯ ಬದಿಗೆ ನಡೆದೆ. ರೈಲು ಬಂತು. ಆ ಸದ್ದಿನಲ್ಲಿ ನಾವಿಬ್ಬರೂ ಒಂದೇ. ಬೇಲಿಯ ಮೇಲಿದ್ದ ಮಿಂಚುಳ್ಳಿ ನೀರಿಗೆ ಧುಮುಕಿದ್ದನ್ನು ಅವರೇ ಮೊದಲು ಕಂಡು ನನಗೆ ತೋರಿಸಿದರು. ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತ್ತು.

ರೈಲು ದಾಟಿತು. ಬೆನ್ನ ಹಿಂದಿನ ಪೊದೆಯಲ್ಲಿ ಸಿಂಪಿಗ ಕೂಗಿತು. ಅವರು ನೀರನ್ನೇ ನೋಡುತ್ತಿದ್ದರು. ನಾನು ಅವರ ಕೈ ಹಿಡಿದು, ಬೆರಳನ್ನು ಜಪಸರದ ಮಣಿಯ ಹಾಗೆ ಮೆಲ್ಲನೆ ಒತ್ತಿದೆ. ಅವರು ನನ್ನನ್ನು ನೋಡಿದರು, ಆಮೇಲೆ ನಾನು ತಿರುಗಿದ್ದ ಕಡೆ ನೋಡಿದರು. ಎಲೆಗಳ ನಡುವೆ ಹೆಬ್ಬೆರಳಿನಷ್ಟು ಹಕ್ಕಿ ಬಾಲ ಎತ್ತಿ ಕೂತಿತ್ತು.

"ಈಗ ಕೂಗ್ತಾ ಉಂಟಾ?"

ಮತ್ತೊಮ್ಮೆ ಒತ್ತಿದೆ. ಅದು ಕೂಗಿದಷ್ಟು ಸಲವೂ ಒತ್ತಿದೆ. ಅದು ನಿಲ್ಲಿಸಿದಾಗ ನಾನೂ ನಿಲ್ಲಿಸಿದೆ.

ಹಕ್ಕಿ ಹಾರಿಹೋದ ಮೇಲೂ ವಿನ್‌ಸ್ಟನ್ ಕೈ ಬಿಡಲಿಲ್ಲ.

"ನಾಳೆ ಕೆರೆಗೆ ಹೋಗುವಾ," ಎಂದರು.