ಸಾವಿನ ಮನೆಯ ಸಕ್ಕರೆ

ಅಟ್ಲಾಸ್ ಬೆಟ್ಟದ ಅಜ್ರೂ ಊರಿನಲ್ಲಿ ಸಾವಿನ ಮನೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ನೀಲಿ ಕಾಗದ ಸುತ್ತಿದ, ಗೋಪುರದಾಕಾರದ ಎರಡು ಕಿಲೋ ಸಕ್ಕರೆ ಅಚ್ಚು ಒಯ್ಯುತ್ತಾರೆ. ಟ್ಯಾಕ್ಸಿ ಓಡಿಸುತ್ತಿದ್ದ ಮಿಮೂನ್ ತೀರಿಕೊಂಡಾಗಲೂ ಅವು ಗೋಡೆಯುದ್ದಕ್ಕೂ ಸಾಲುಗಟ್ಟಿ ನಿಂತವು. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ. ಹೃದಯಾಘಾತ.

ಬಂದವರಿಗೆಲ್ಲ ಇಜ್ಜಾ ಕೂಲ್‌ಡ್ರಿಂಕ್ಸ್ ಬಗ್ಗಿಸಿ ಕೊಡುತ್ತಿದ್ದಳು. ಸತ್ತವನು ಅವಳ ಮೈದುನ. ಗಂಡ ಲಹ್ಸೆನ್ ಕೂಡ ಟ್ಯಾಕ್ಸಿಯವನೇ. ಅಣ್ಣತಮ್ಮಂದಿರಿಗೆ ಊಟಕ್ಕೂ ಅದೇ ಬಾಟಲಿ, ಬಾಯಾರಿದರೂ ಅದೇ ಬಾಟಲಿ. ಈಚೆಗೆ ಲಹ್ಸೆನ್ ಮೆಟ್ಟಿಲ ನಡುವೆ ಎದೆ ಹಿಡಿದು ನಿಲ್ಲುತ್ತಿದ್ದ. ಇಜ್ಜಾ ಅದನ್ನು ಯಾರಿಗೂ ಹೇಳಿರಲಿಲ್ಲ.

ಪಕ್ಕದ ಮನೆಯ ನರ್ಸ್ ತೂದಾ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಇಜ್ಜಾ ಇನ್ನೊಂದು ಬಾಟಲಿಗೆಂದು ಒಳಗೆ ಬಂದಳು.

"ಲಹ್ಸೆನ್ ಅಣ್ಣನಿಗೆ ನೀರು ಕೊಡೇ. ಆ ಬಾಟಲಿ ಬೇಡ."

"ತಮ್ಮನ್ನ ಕಳ್ಕೊಂಡು ಕೂತಿದ್ದಾರೆ. ಒಂಚೂರು ಸಿಹಿ ಕುಡಿದ್ರೆ ಯಾರ ಗಂಟು ಹೋಗುತ್ತೆ?"

"ಒಂಚೂರು ಅಂದ್ರೆ ಎಷ್ಟು, ನೋಡ್ತೀಯಾ?"

ತೂದಾ ಪುಟ್ಟ ಸುತ್ತಿಗೆ ತೆಗೆದುಕೊಂಡು ಒಂದು ಅಚ್ಚನ್ನು ಒಡೆದಳು. ಅಂಗೈ ತುಂಬುವಂಥ ತುಂಡೊಂದನ್ನು ಇಜ್ಜಾಳ ಕೈಗಿಟ್ಟಳು.

"ದೊಡ್ಡ ಬಾಟಲಿಯಲ್ಲಿ ಇಷ್ಟಿರುತ್ತೆ. ಮಿಮೂನ್ ದಿನಾ ಒಂದು ಖಾಲಿ ಮಾಡ್ತಿದ್ದ. ಹತ್ತು ದಿನಕ್ಕೆ ಇಡೀ ಅಚ್ಚು!"

"ಹೋಗೇ! ನಮ್ಮಜ್ಜ ಸಕ್ಕರೆ ಚಹಾ ಕುಡ್ಕೊಂಡೇ ತೊಂಬತ್ತು ದಾಟಿದ್ರು."

"ನಿಮ್ಮಜ್ಜ ಕುರಿ ಹಿಂದೆ ಗುಡ್ಡ ಹತ್ತುತ್ತಿದ್ರು. ಇವರು ಸೀಟು ಬಿಟ್ಟು ಏಳಲ್ಲ. ಕುಡಿದ ಸಕ್ಕರೆಗೆ ಹೊಟ್ಟೆ ತುಂಬಲ್ಲ ಕಣೇ, ಮೈಯೊಳಗೆ ಕೊಬ್ಬಾಗುತ್ತೆ, ರಕ್ತನಾಳ ಕೆಡಿಸುತ್ತೆ. ಅದೊಂದೇ ಅವನನ್ನ ಕೊಂದಿತು ಅಂತ ನಾನು ಹೇಳಲ್ಲ. ಸಿಗರೇಟೂ ಇತ್ತು. ಆದ್ರೆ ಚಿಕ್ಕ ವಯಸ್ಸಲ್ಲೇ ಹೃದಯ ಸೋಲೋದಕ್ಕೆ ಇದೂ ಒಂದು ದಾರಿ."

ಇಜ್ಜಾ ಬಾಗಿಲಾಚೆ ಗೋಡೆಯುದ್ದಕ್ಕೂ ನಿಂತ ಅಚ್ಚುಗಳತ್ತ ನೋಡಿದಳು. ಜನ ಇವತ್ತು ಹೊತ್ತು ತಂದದ್ದನ್ನೆಲ್ಲ ಮಿಮೂನ್ ಯಾವತ್ತೋ ಕುಡಿದು ಮುಗಿಸಿದ್ದ. ಅವಳ ಅಂಗೈ ಅಂಟಂಟಾಗಿತ್ತು.

"ತೂದಾ, ಇವರು ಮೆಟ್ಟಿಲಲ್ಲಿ ಎದೆ ಹಿಡ್ಕೊಂಡು ನಿಲ್ತಾರೆ."

ತೂದಾ ನಲ್ಲಿ ನಿಲ್ಲಿಸಿದಳು. "ಈಗ ಹೇಳ್ತಿದ್ದೀಯಾ? ನಡಿ, ಈಗಲೇ ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ." ಇಬ್ಬರೂ ಪಡಸಾಲೆಗೆ ಬಂದು ಲಹ್ಸೆನ್‌ನನ್ನು ಕರೆದರು.

"ತಮ್ಮನ ಮನೆಯಲ್ಲಿ ಜನ ಕೂತಿರುವಾಗ ನಾನೆಲ್ಲಿಗೆ ಬರ್ಲಿ?" ಎಂದ ಲಹ್ಸೆನ್.

"ಇದೇ ಜನ ನಾಳೆ ನಮ್ಮನೆಗೆ ಸಕ್ಕರೆ ತರಬೇಕಾ?" ಎಂದಳು ಇಜ್ಜಾ.

ಅವನು ಎದ್ದ.

"ಸಮಯಕ್ಕೆ ಬಂದಿರಿ" ಎಂದರು ಡಾಕ್ಟರು. ಹೃದಯದ ನಾಳವೊಂದು ಕಿರಿದಾಗಿತ್ತು. ಔಷಧಿ ಶುರುವಾಯಿತು, ತಮ್ಮನಂತೆ ಅವನೂ ಸೇದುತ್ತಿದ್ದ ಸಿಗರೇಟು ನಿಂತಿತು.

ಮನೆಗೆ ಬಂದ ಮೇಲಿನ ಮೊದಲ ಶುಕ್ರವಾರ ಗೋಧಿರವೆಯ ಕೂಸ್‌ಕೂಸ್ ತಟ್ಟೆಯ ಪಕ್ಕ ಬಾಟಲಿ ಇರಲಿಲ್ಲ. ಮಜ್ಜಿಗೆ ಇತ್ತು.

"ನಿಮ್ಮಜ್ಜನ ಹಾಗೆ ನನ್ನನ್ನೂ ಕುರಿ ಕಾಯೋಕೆ ಕಳಿಸ್ತೀಯೇನೇ?"

"ಕಳಿಸ್ತೀನಿ. ಹಾಗಾದ್ರೂ ನಾಲ್ಕು ಹೆಜ್ಜೆ ನಡೀತೀರಿ."

ಲಹ್ಸೆನ್ ನಕ್ಕ. ಆಮೇಲೆ ಮಿಮೂನ್ ಕೂರುತ್ತಿದ್ದ ಜಾಗ ನೋಡಿದ. ಲೋಟ ಎತ್ತಿ ಕುಡಿದ.

ಅಕ್ಕಾ, ಅಣ್ಣಾ, ನಿಮ್ಮ ಮನೆಯಲ್ಲೂ ನೆಂಟರಿಗೆ, ಮಕ್ಕಳಿಗೆ ಆ ಬಾಟಲಿ ತೆರೆಯುತ್ತೀರಲ್ಲವೇ? ಪ್ರೀತಿಯಿಂದಲೇ ತೆರೆಯುತ್ತೀರಿ, ಗೊತ್ತು. ಅದೇ ಪ್ರೀತಿಯಿಂದ ನೀರು ಕೊಡಿ, ಮಜ್ಜಿಗೆ ಕೊಡಿ. ಎದೆ ಬಿಗಿದರೆ ಮುಚ್ಚಿಡಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಜನ ಸಾಂತ್ವನ ಹೇಳಲು ಬರುವ ಮೊದಲು, ನಿಮ್ಮವರಿಗೆ ನೀವೇ "ಆ ಬಾಟಲಿ ಬೇಡ" ಅಂತ ಒಂದು ಮಾತು ಹೇಳಿ.